ಯಕ್ಷಿಣಿಯ ಮಗಳು

"ಇನ್ನೊಂದೇ ಒಂದು ಸಲ ಕಣ್ರೀ, ನನಗೋಸ್ಕರ!" ಎಂದು ಹುಡುಗನ ತಾಯಿ ಪಾರ್ವತಮ್ಮ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಕೈ ಮುಗಿದೇಬಿಟ್ಟರು. ಶಾಂತಾದೇವಿ ಸೆರಗು ಸರಿಮಾಡಿಕೊಂಡರು, ಹುಬ್ಬು ಹಾರಿಸಿದರು, ಬಲಗೈ ಎತ್ತಿ ಟಪ್ ಎಂದು ಚಿಟಿಕೆ ಹೊಡೆದರು. ಸೋಫಾದಲ್ಲಿ ಕೂತಿದ್ದ ತಾಯಿ ಮಗ ಇಬ್ಬರೂ ಚಪ್ಪಾಳೆ ತಟ್ಟಿ ನಕ್ಕರು. ಕಾಫಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಷತಾಳ ಕಡೆ ಯಾರೂ ತಿರುಗಲಿಲ್ಲ. ಅವರು ನೋಡಲು ಬಂದದ್ದು ಅವಳನ್ನೇ.

ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಶ್ರೀರಾಂಪುರದ ಈ ಮನೆಗೆ ಬಂದವರು, ಬಂದ ಗಳಿಗೆಯಿಂದ ಹುಡುಗಿಯ ಅಮ್ಮನನ್ನು ನೋಡುತ್ತ ಕೂತಿದ್ದರು. ಅವರದ್ದೂ ತಪ್ಪಲ್ಲ ಬಿಡಿ. ಶಾಂತಾದೇವಿ ಮದುವೆಗೆ ಮುಂಚೆ ಟೀವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ಯಕ್ಷಿಣಿಯಾಗಿದ್ದವರು. ಪಾಪದ ಗುಮಾಸ್ತನೊಬ್ಬನನ್ನು ಕಟ್ಟಿಕೊಂಡು ಸಂಸಾರ ಮಾಡುವ ಯಕ್ಷಿಣಿ. ಅವಳು ಚಿಟಿಕೆ ಹೊಡೆದರೆ ಸಾಕು, ಪಾತ್ರೆಗಳು ಫಳಫಳ ಹೊಳೆಯುತ್ತ ಗೂಡು ಸೇರುತ್ತಿದ್ದವು, ಖಾಲಿ ತಟ್ಟೆಯಲ್ಲಿ ಬಿಸಿ ಹೋಳಿಗೆ ಹಬೆಯಾಡುತ್ತಿತ್ತು, ಅತ್ತೆ ಕಣ್ಣು ಕಣ್ಣು ಬಿಡುತ್ತಿದ್ದಳು. ಆಗ ಇದ್ದದ್ದೇ ಒಂದು ಚಾನೆಲ್ಲು, ಹಾಗಾಗಿ ಊರಿಗೆ ಊರೇ ನೋಡಿತ್ತು. ಈಗ ಯಾರೋ ಪುಣ್ಯಾತ್ಮರು ಆ ಕಂತುಗಳನ್ನೆಲ್ಲ ಯೂಟ್ಯೂಬಿಗೆ ಹಾಕಿದ ಮೇಲೆ ಮತ್ತೆ ಶುರುವಾಯಿತು ನೋಡಿ ಕಾಟ. ತರಕಾರಿ ಗಾಡಿಯವನೂ ಒಂದು ಚಿಟಿಕೆ ಕೇಳುತ್ತಿದ್ದ. ಅಮ್ಮನೂ ಅಷ್ಟೇ, ಕೇಳಿದವರಿಗೆಲ್ಲ ಹೊಡೆದು ತೋರಿಸುತ್ತಿದ್ದರು. ಅಕ್ಷತಾಗೆ ಮೈಯೆಲ್ಲ ಉರಿಯುತ್ತಿತ್ತು.

ಇವತ್ತಿನ ಉರಿಗೆ ಸರಿಯಾದ ಕಾರಣವೂ ಇತ್ತು. ಅವಳಿಗೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಒಂದು ವಾರ ಕತ್ತಲಿರುವಾಗಲೇ ಬಸ್ಸು ಹಿಡಿಯಬೇಕು, ಇನ್ನೊಂದು ವಾರ ಮನೆ ಸೇರುವಷ್ಟರಲ್ಲಿ ಬೀದಿಯೆಲ್ಲ ಮಲಗಿರುತ್ತದೆ. ಒದ್ದಾಡಿ ಗಿಟ್ಟಿಸಿಕೊಂಡ ಕೆಲಸ, ಮದುವೆಯಾಯಿತೆಂದು ಬಿಡುವವಳಲ್ಲ. ಈ ಮಾತಿಗೆ ಹುಡುಗನ ಬಾಯಿಂದಲೇ ಹೂಂ ಅನ್ನಿಸಿಕೊಳ್ಳದೆ ಒಪ್ಪುವುದಿಲ್ಲ ಎಂದು ತೀರ್ಮಾನಿಸಿಯೇ ಸೀರೆ ಉಟ್ಟಿದ್ದಳು. ಹುಡುಗ ಅಮರೇಶ್ ಅವಳಿಗೆ ಹಿಡಿಸಿದ್ದ, ಅದೇ ದೊಡ್ಡ ಫಜೀತಿ. ನಗು ಚೆನ್ನಾಗಿತ್ತು. ಆದರೆ ಈ ಚಿಟಿಕೆಯ ಗಲಾಟೆಯಲ್ಲಿ ಮಾತಿಗೆ ಸಂದಿ ಸಿಗಬೇಕಲ್ಲ!

"ನಾನೊಂದು ವಿಷಯ ಹೇಳೋದಿತ್ತು," ಎಂದಳು, ಕಾಫಿ ಕೊಡುತ್ತ.

"ಹೇಳಮ್ಮ, ಹೇಳು," ಎಂದ ಪಾರ್ವತಮ್ಮ ಮತ್ತೆ ಶಾಂತಾದೇವಿಯ ಕಡೆಗೇ ವಾಲಿದರು. "ಅಲ್ಲ ಕಣ್ರೀ, ಆ ಹೋಳಿಗೆ ತಾನಾಗೇ ತಟ್ಟೆಗೆ ಬಂದ್ಬುಡ್ತಿತ್ತಲ್ಲ, ಎಂಗ್ರೀ ಅದು? ಇವನನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಒಲೆ ಮೇಲೆ ಒಂದು ಕಣ್ಣಿಟ್ಕೊಂಡು ನೋಡ್ತಿದ್ದೆ. ಇಡೀ ವಾರದಲ್ಲಿ ಅದೊಂದು ಅರ್ಧ ಗಂಟೆ ನಂಗೆ ಸ್ವರ್ಗ ಕಣ್ರೀ!"

"ಅಯ್ಯೋ, ಅದೊಂದು ದೊಡ್ಡ ಕಥೆ," ಎಂದು ಅಮ್ಮ ಅರಳಿದರು.

ಅಕ್ಷತಾ ಟ್ರೇಯನ್ನು ಟೀಪಾಯಿಯ ಮೇಲೆ ಕುಕ್ಕಿದಳು. "ಅಮ್ಮಾ, ಸಾಕು ಮಾಡ್ತೀಯಾ?" ಎಂದವಳು ನೇರ ಅಮರೇಶನಿಗೇ ಹೇಳಿದಳು: "ನೋಡಿ, ನಂದು ಶಿಫ್ಟ್ ಕೆಲಸ. ಮದುವೆ ಆದ್ಮೇಲೂ ಬಿಡಲ್ಲ. ಸೆಕೆಂಡ್ ಶಿಫ್ಟ್ ಇರೋ ವಾರ ರಾತ್ರಿ ಅಡುಗೆ, ಪಾತ್ರೆ ನನ್ ಕೈಲಾಗಲ್ಲ. ಅದಕ್ಕೇನು ಮಾಡೋಣ ಅಂತ ಈಗ್ಲೇ ಹೇಳ್ಬುಡಿ."

"ಅದಕ್ಯಾಕೆ ಇಷ್ಟು ಸೀರಿಯಸ್ ಆಗ್ತೀರಿ?" ಅಮರೇಶ್ ಅದೇ ಚೆಂದದ ನಗು ನಕ್ಕ. "ಯಕ್ಷಿಣಿ ಮಗಳಲ್ವಾ ನೀವು? ಬಂದು ಒಂದು ಚಿಟಿಕೆ ಹೊಡೆದ್ರೆ ಆಯ್ತಪ್ಪ!" ಎಂದು ತಾನೇ ಟಪ್ ಅನ್ನಿಸಿದ.

ಥೂ, ಇಷ್ಟೇನಾ ಇವನು! ಅಕ್ಷತಾಗೆ ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಈಗ ಅಮ್ಮನೂ ಜೊತೆಗೊಂದು ಹೊಡೆಯುತ್ತಾರೆ ಎಂದುಕೊಂಡು ಅತ್ತ ನೋಡಿದಳು. ಅಮ್ಮ ನಗುತ್ತಿರಲಿಲ್ಲ. ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಆ ಚಿಟಿಕೆ ಹೇಗೆ ಮಾಡ್ತಿದ್ವಿ ಅಂತ ಹೇಳ್ತೀನಿ ಕೇಳಿ ಅಮರೇಶ್," ಎಂದರು. "ನಾನು ಚಿಟಿಕೆ ಹೊಡೆದ ತಕ್ಷಣ ಕ್ಯಾಮೆರಾ ನಿಲ್ಲಿಸ್ಬುಡೋರು. ಎತ್ತಿದ ಕೈ ಇಳಿಸೋ ಹಾಗಿಲ್ಲ, ಗೊಂಬೆ ಥರ ನಾನು ನಿಂತಿರಬೇಕು. ಅಷ್ಟರಲ್ಲಿ ಆಚೆಯಿಂದ ಕೆಲಸದ ಹೆಂಗಸರು ಓಡಿ ಬಂದು, ಎಂಜಲು ತಟ್ಟೆ ಎತ್ತಿ, ತೊಳೆದ ಪಾತ್ರೆ ಜೋಡಿಸಿ, ಹೋಳಿಗೆ ಬಡಿಸಿ ಓಡಿಹೋಗೋರು. ಆಮೇಲೆ ಮತ್ತೆ ಕ್ಯಾಮೆರಾ ಶುರು. ನೋಡೋರಿಗೆ ಅವರು ಯಾರೂ ಕಾಣ್ತಾನೇ ಇರ್ಲಿಲ್ಲ. ನಿಮ್ಮನೇಲಿ ಯಾರಪ್ಪ ಹಾಗೆ ಓಡಿ ಬರೋರು?"

ಅಮರೇಶ್ ಅಭ್ಯಾಸಬಲದಿಂದ ತನ್ನ ಅಮ್ಮನ ಮುಖ ನೋಡಿದ. ಪಾರ್ವತಮ್ಮ ಕಾಫಿಯ ಕೊನೆಯ ಗುಟುಕು ಮುಗಿಸಿ ಲೋಟ ಕೆಳಗಿಟ್ಟರು.

"ನಾನೇ," ಎಂದರು. "ಇವನು ಹುಟ್ಟೋಕೆ ಮುಂಚಿಂದ ನಾನೇ ಓಡಿ ಬರ್ತಿರೋದು." ಮಗನ ಮಂಡಿಗೆ ತಟ್ಟಿದರು. "ಏಳೋ. ಲೋಟ ಎತ್ಕೊಂಡೋಗಿ ತೊಳೆದಿಡು."

"ಇಲ್ಲೇನಮ್ಮ? ಬೇರೆಯವರ ಮನೇಲಿ?"

"ಇಲ್ಲೇ ಕಣೋ. ನಮ್ಮನೇಲಂತೂ ಒಂದಿನಾನೂ ನೋಡ್ಲಿಲ್ಲ ನಾನು."

ಅಯ್ಯಯ್ಯೋ ಬೇಡ ಎಂದು ಧಡಕ್ಕನೆ ಏಳಹೊರಟ ಶಾಂತಾದೇವಿಯನ್ನು ಅಕ್ಷತಾ ರಟ್ಟೆ ಹಿಡಿದು ಕೂರಿಸಿದಳು. ಅಮರೇಶ್ ಕಿವಿಯೆಲ್ಲ ಕೆಂಪಗೆ ಮಾಡಿಕೊಂಡು, ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ನಡುಮನೆಯಲ್ಲಿ ನಿಂತ. ಎದುರಿಗೆ ಎರಡು ಬಾಗಿಲು, ಎರಡೂ ಅರ್ಧ ಮುಚ್ಚಿದ್ದವು. ಒಂದರ ಒಳಗಿಂದ ಒಗ್ಗರಣೆಯ ಘಮ ಬರುತ್ತಿತ್ತು, ಇನ್ನೊಂದರಿಂದ ಊದುಬತ್ತಿಯದು. ಯಾರೂ ದಾರಿ ಹೇಳಲಿಲ್ಲ. ಅಮರೇಶ್ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಎಂಜಲು ಲೋಟಗಳ ಸಮೇತ ದೇವರ ಕೋಣೆಯ ಬಾಗಿಲು ತಳ್ಳಿದ.