ಹೆಣದ ಕಡೆಯಿಂದ

“ಎಡದ್ದೋ ಬಲದ್ದೋ, ಹೇಳಪ್ಪಾ ಎಡವಟ್ಟು,” ಎಂದು ಮೇಷ್ಟ್ರು ತೊಡೆಮೂಳೆಯನ್ನು ಮೆಡಿಕಲ್ ವಿದ್ಯಾರ್ಥಿಯ ಕೈಗೆ ತುರುಕಿದರು. ಹೋದ ಸಲದ ಮೌಖಿಕ ಪರೀಕ್ಷೆಯಲ್ಲಿ ಹೆಣದ ಕಡೆಯಿಂದ ನೋಡದೆ ತನ್ನ ಕಡೆಯಿಂದ ಎಡಬಲ ಹೇಳಿ ಅವನು ನಪಾಸಾಗಿದ್ದ. ಈ ಸಲವೂ ತಪ್ಪಿದರೆ ಕಾಲೇಜಿನಿಂದಲೇ ಆಚೆಗೆ.

“ಇವನು ಡಾಕ್ಟರಾದ್ರೆ ಚೆನ್ನಾಗಿರೋ ಕಾಲನ್ನೇ ಕುಯ್ತಾನೆ ಕಣ್ರೋ!” ಬಾಗಿಲಲ್ಲಿ ಸರದಿಗೆ ಕಾದಿದ್ದವರಲ್ಲೊಬ್ಬ ಅಂದ, ಉಳಿದವರೆಲ್ಲ ಕಿಸಕ್ಕೆಂದರು.

ಅವನು ಬೂಟು ಬಿಚ್ಚಿದ. ಹೆಣ ಕೊಯ್ಯುವ ಖಾಲಿ ಮೇಜನ್ನು ಹತ್ತಿ ಅಂಗಾತ ಮಲಗಿದ. ಮೇಜಿನ ತಣ್ಣನೆಯ ಉಕ್ಕು ಬೆನ್ನನ್ನು ಕೊರೆಯಿತು. ಮೂಳೆಯ ಗುಂಡು ತುದಿಯನ್ನು ಸೊಂಟದ ಕಡೆಗಿಟ್ಟು ಮೊದಲು ಬಲತೊಡೆಗೆ, ಆಮೇಲೆ ಎಡತೊಡೆಗೆ ಒತ್ತಿ ಹಿಡಿದ. ಗುಂಡು ತುದಿ ಒಳಮುಖವಾಗಿ ಎಡಕ್ಕೇ ಹೊಂದಿತು.

“ಎಡಗಾಲಿಂದು ಸಾರ್.”

“ಸರಿ. ಇಳಿಯಪ್ಪ ಇನ್ನು.”

“ಇಳಿಯಲ್ಲ ಸಾರ್. ಮುಂದಿನ ಮೂಳೆ ಕೊಡಿ,” ಎಂದು ಅವನು ಮಲಗಿದಲ್ಲಿಂದಲೇ ಕೈ ಚಾಚಿದ.