ಏರಿಯ ಮೇಲಿನ ಚೀಲ

ಎರಡನೇ ಸಲ ತೂಗಿದರೂ ತಕ್ಕಡಿ ತನ್ನ ಮಾತು ಬದಲಿಸಲಿಲ್ಲ. ಹಿರಿಯ ಓರಗಿತ್ತಿಯ ಕೊಳದ ಗೆಂಡೆಮೀನೂ ಕಿರಿಯವಳ ಕೊಳದ ಗೆಂಡೆಮೀನೂ ಸರಿಸಮ. ಮೀನು ಸಾಕಣೆಗೆ ಕೊಟ್ಟ ಸಹಾಯಧನದಿಂದ ಎಷ್ಟು ಉಪಯೋಗವಾಗಿದೆ ಎಂದು ನೋಡಲು ಬಂದಿದ್ದ ಸಮೀಕ್ಷಕಿ, ಮೀನನ್ನು ಮತ್ತೆ ನೀರಿನ ಟಬ್ಬಿಗೆ ಬಿಟ್ಟು ಕೈ ಒರೆಸಿಕೊಂಡಳು.

"ಸಹಾಯಧನ ಸಿಕ್ಕಿದ್ದು ನಿಮಗೆ, ಸಿಗದೇ ಇರೋದು ಇವರಿಗೆ. ಬೆಳೆದಿರೋದು ಮಾತ್ರ ಒಂದೇ ಸಮ," ಎಂದಳು ಹಿರಿಯವಳಿಗೆ. "ಊರಲ್ಲಿ ಹೋಲಿಸಿ ನೋಡೋಕೆ ಸಿಕ್ಕಿದ್ದು ನಿಮ್ಮ ಎರಡು ಕೊಳಗಳೇ. ಇಲ್ಲಿಗೆ ಇನ್ನು ಸಹಾಯಧನ ಬೇಡ ಅಂತ ಬರೀಬೇಕಾಗುತ್ತೆ."

ಕಿರಿಯವಳ ಮುಖ ಸಪ್ಪಗಾಯಿತು. ಮುಂದಿನ ವರ್ಷದ ಸಹಾಯಧನಕ್ಕೆ ಅವಳ ಹೆಸರು ಬಂದಿತ್ತು. ಅದನ್ನೇ ನೆಚ್ಚಿಕೊಂಡು ಕೊಳ ಅಗಲ ಮಾಡಿಸುವ ಮಾತಾಡಿದ್ದಳು. ಅವಳು ಸೆರಗು ಬಿಗಿದುಕೊಂಡು ಕೊಳದ ಕಡೆ ಮುಖ ತಿರುಗಿಸಿದಳು. ಒಲೆ ಬೇರೆ ಮಾಡಿಕೊಂಡಾಗಿನಿಂದ ಓರಗಿತ್ತಿಯರು ಒಬ್ಬರೆದುರು ಒಬ್ಬರು ಬಾಯಿ ಬಿಟ್ಟವರೇ ಅಲ್ಲ. ಇದು ಊರಿಗೆಲ್ಲ ಗೊತ್ತಿತ್ತು.

"ಬೇಡ ಅಂತ ಯಾಕೆ ಬರೀತೀರಿ ಮೇಡಂ?" ಹಿರಿಯವಳು ಸೊಂಟಕ್ಕೆ ಕೈಯಿಟ್ಟಳು. "ಸಹಾಯಧನದಲ್ಲಿ ನನಗೆ ಬಂದ ಮೀನಿನ ಆಹಾರದಲ್ಲಿ ಅರ್ಧ ಇವಳ ಕೊಳಕ್ಕೇ ಹೋಗಿದೆ. ಇಲ್ಲದಿದ್ರೆ ಇವಳ ಮೀನು ಹೀಗೆ ಮೈಕೈ ತುಂಬಿಕೊಳ್ತಿತ್ತಾ?"

"ಹೋಗಿದೆ ಅಂದ್ರೆ?"

"ಎರಡು ಕೊಳದ ನಡುವೆ ಇದೆಯಲ್ಲ, ಈ ಏರಿ ಮೇಲೆ ರಾತ್ರಿ ಚೀಲ ಇಟ್ಟು ಬರ್ತಿದ್ದೆ. ಬೆಳಿಗ್ಗೆ ನೋಡಿದ್ರೆ ಇರ್ತಿರಲಿಲ್ಲ. ಮಾತಿಲ್ಲ ಕತೆಯಿಲ್ಲ."

ಸಮೀಕ್ಷಕಿ ಬರೆಯುವುದನ್ನು ನಿಲ್ಲಿಸಿದಳು. "ನೀವೇ ಕೊಟ್ಟಿದ್ದು ಅಂತಾದ್ರೆ ನಿಮ್ಮ ಸಹಾಯಧನ ಪೂರ್ತಿ ವಾಪಸ್ ಕಟ್ಟಬೇಕಾಗುತ್ತೆ. ನಿಯಮ ಹಾಗಿದೆ."

"ಕಟ್ತೀನಿ ಬಿಡಿ. ಇವಳಿಗೆ ಬರೋದು ತಪ್ಪಿಸಬೇಡಿ."

"ಅವರು ಕೊಟ್ಟಿಲ್ಲ!" ಕಿರಿಯವಳು ಥಟ್ಟನೆ ಬಾಯಿ ಹಾಕಿದಳು. "ನಾನೇ ಕದ್ದಿದ್ದು. ನನ್ನ ಹೆಸರು ಹೊಡೆದು ಹಾಕಿ."

"ಕದಿಯೋ ಮುಖ ನೋಡು! ಬೀಗ ತೆಗೆದು ಚೀಲ ಹೊತ್ತು ತರೋಳು ನಾನು, ಕಳ್ಳಿ ಇವಳಂತೆ!"

"ಏರಿಯಲ್ಲಿ ಅರ್ಧ ನಂದು. ಅಲ್ಲಿ ಚೀಲ ಮರೆತು ಹೋದ್ರೆ ನಾನೇನು ಮಾಡ್ಲಿ?"

"ವಾರ ವಾರ ಮರೆಯೋಕೆ ನನಗೇನು ಅರಳುಮರಳಾ?"

ಇಷ್ಟು ದಿನ ಕೂಡಿಟ್ಟ ಮಾತೆಲ್ಲ ಕಟ್ಟೆ ಒಡೆದುಕೊಂಡು ಬಂತು. ಒಂದೇ ಒಲೆಯಿದ್ದ ಕಾಲದ ಉಪ್ಪಿನ ಡಬ್ಬಿಯ ಹಳೇ ಜಗಳವೂ ನಡುವೆ ಒಮ್ಮೆ ತಲೆ ಹಾಕಿ ಹೋಯಿತು. ಸಮೀಕ್ಷಕಿಗೆ ನಗು ಬಂತು. ಒಬ್ಬಳ ಕೈಗೆ ಬಂದದ್ದು ಹೋಗುತ್ತಿತ್ತು, ಇನ್ನೊಬ್ಬಳಿಗೆ ಬರಬೇಕಾದದ್ದು. ಇಬ್ಬರೂ ನಷ್ಟ ತನಗೇ ಆಗಲಿ ಎಂದು ಹಟ ಹಿಡಿದು ನಿಂತಿದ್ದರು.

"ಸಾಕು ಮಾಡಿ," ಎಂದು ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. "ಈ ಎರಡು ಕೊಳಗಳನ್ನ ಹೋಲಿಸೋಕೆ ಬರಲ್ಲ ಅಂತಷ್ಟೇ ಬರೀತೀನಿ. ಎರಡಕ್ಕೂ ಬಿದ್ದದ್ದು ಒಂದೇ ಆಹಾರ ಅಲ್ವಾ, ಅದಂತೂ ನಿಜ. ಯಾರ ಸಹಾಯಧನವೂ ಹೋಗಲ್ಲ."

ಟಬ್ಬಿನಲ್ಲಿ ಮೀನು ಬಾಲ ಬಡಿದು ಮೂವರಿಗೂ ನೀರು ಸಿಡಿಸಿತು.

"ನಿಮ್ಮಿಬ್ಬರಿಗೂ ಆಗೋದಿಲ್ಲ ಅಂತ ಕೇಳಿದ್ದೆನಲ್ಲ?" ಎಂದಳು ಸಮೀಕ್ಷಕಿ.

"ಆಗೋದೇ ಇಲ್ಲ," ಎಂದು ಹಿರಿಯವಳು ಟಬ್ಬಿನ ಒಂದು ಹಿಡಿಕೆಗೆ ಕೈ ಹಾಕಿದಳು. ಇನ್ನೊಂದನ್ನು ಕಿರಿಯವಳು ಆಗಲೇ ಎತ್ತಿ ಹಿಡಿದಿದ್ದಳು.