ಹದಿನಾಲ್ಕನೇ ಪುಟ

“ಹದಿನಾಲ್ಕನೇ ಪುಟದಲ್ಲೇ ಕಥೆ ನೆಗೆದು ಬಿತ್ತು ಕಣೋ!” ಟೆರೆನ್ಸ್ ಗಲ್ಲಾದ ಮೇಲೆ ಗುದ್ದಿದ. “ಲೈಲ್ ವಿಮರ್ಶೆಲಿ ಬರ್ದಿದ್ದು ನೂರಕ್ಕೆ ನೂರು ನಿಜ. ಅಲ್ಲಿಂದಾಚೆ ಒಂದು ಪಾತ್ರಕ್ಕೂ ಜೀವ ಇಲ್ಲ.”

“ನಿನಗೆ ಜೀವ ಇದ್ಯಾ, ಮೊದ್ಲು ಅದು ನೋಡ್ಕೋ,” ಎಂದ ಗಸ್. “ಕೊನೇ ಪುಟಕ್ಕೆ ಬರೋ ಹೊತ್ತಿಗೆ ನನಗೆ ಕಣ್ಣಲ್ಲಿ ನೀರೇ ಬಂತು.”

ಟೆರೆನ್ಸ್ ಅಂಚೆ ಹಂಚುವವನು, ಗಸ್ ಹಲ್ಲಿನ ಡಾಕ್ಟರು. ಬುಧವಾರ ಹೊಸ ಕಾಮಿಕ್ಸ್ ಬರುವ ದಿನ. ಅಮೆರಿಕದ ಟೊಲೀಡೊ ಊರಿನ ಡೋರೀನಳ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಆ ದಿನ ಇವರ ಜಗಳ ತಪ್ಪಿದ್ದಿಲ್ಲ. ಈಚಿನ ಮೂರು ವಾರ ಜಗಳಕ್ಕೆ ಒಂದೇ ವಿಷಯ, ‘ಧ್ರುವ ದಳ’. ಏಳು ಮಂದಿ ಅತಿಮಾನುಷ ವೀರರ ಈ ಹಳೆಯ ಕಾಮಿಕ್ಸ್ ಆರು ವರ್ಷ ನಿಂತುಹೋಗಿ, ಈಗ ಮತ್ತೆ ಒಂದನೇ ಸಂಚಿಕೆಯಿಂದ ಶುರುವಾಗಿತ್ತು.

“ಒಂದನೇದಕ್ಕೆ ಎಂಬತ್ತು ಸಾವಿರ ಪ್ರತಿ ಇದ್ದ ಆರ್ಡರ್ ಎರಡನೇದಕ್ಕೆ ಮೂವತ್ತಕ್ಕೆ ಇಳೀತು,” ಎಂದ ಟೆರೆನ್ಸ್. “ಚೆನ್ನಾಗಿದ್ರೆ ಇಳೀತಿತ್ತಾ?”

“ಒಂದನೇದು ಆದ್ಮೇಲೆ ಯಾವುದು ಇಳಿಯಲ್ಲ ಹೇಳು, ಮಾರಾಯ!”

“ಇಷ್ಟು ಇಳಿಯಲ್ಲ,” ಎಂದಳು ಡೋರೀನ್. “ಲೈಲ್ ಬರ್ದಿದ್ದು ನೋಡಿ ಅಂಗಡಿಯವ್ರೆಲ್ಲ ಆರ್ಡರ್ ಕಡಿಮೆ ಮಾಡಿದ್ರು. ನಾನೂ ಮಾಡ್ದೆ.”

ಕಾಮಿಕ್ಸ್ ವಿಮರ್ಶೆಯ ಅಂಕಣ ಬರೆಯುವ ಲೈಲ್ ಕಿಟಕಿಯ ಬಳಿ ನಿಂತು ತನ್ನ ಬೂಟುಗಳನ್ನೇ ನೋಡುತ್ತಿದ್ದ. ಅವನು ಆ ಸಂಚಿಕೆಯನ್ನು ಓದಿಯೇ ಇರಲಿಲ್ಲ.

ಓದಬೇಕೆಂದೇ ಕೊಂಡಿದ್ದ. ಆದರೆ ಡೋರೀನ್ ಎಂದಿನಂತೆ ಹಿಂದೆ ರಟ್ಟಿಟ್ಟು, ಪ್ಲಾಸ್ಟಿಕ್ ಕವರು ಹಾಕಿ, ಟೇಪು ಅಂಟಿಸಿ ಕೊಟ್ಟಿದ್ದಳು. ಒಂದನೇ ಸಂಚಿಕೆ ಬೇರೆ. ಬಿಡಿಸಿದರೆ ಪುಸ್ತಕದ ಬೆನ್ನಿನ ಮೇಲೆ ಬಿಳಿ ಗೆರೆ ಬೀಳುತ್ತದೆ, ಗೆರೆ ಬಿದ್ದ ಪ್ರತಿಗೆ ಮುಂದೆ ಮಾರಲು ಹೋದರೆ ಕವಡೆ ಕಿಮ್ಮತ್ತಿಲ್ಲ. ನಾಳೆ ಫೋನಿನಲ್ಲಿ ಓದಿದರಾಯಿತು ಎಂದುಕೊಂಡ. ಆ ನಾಳೆ ಬರುವ ಮೊದಲೇ ಅವನ ಅಂಕಣದ ಓದುಗರು ‘ಏನಯ್ಯಾ, ಇನ್ನೂ ಬರೆದಿಲ್ಲ’ ಎಂದು ಕೇಳತೊಡಗಿದರು. ಮೊದಲು ಬರೆಯುವವನು ತಾನೇ ಎಂಬ ಜಂಭ ಅವನದು. ಅಲ್ಲಿ ಇಲ್ಲಿ ಸಿಕ್ಕ ಮಾತು ಹೆಕ್ಕಿ ಬರೆದುಬಿಟ್ಟ.

ಹದಿನಾಲ್ಕನೇ ಪುಟ ಮಾತ್ರ ಅವನ ಸ್ವಂತದ್ದು. ನಿರ್ದಿಷ್ಟವಾಗಿ ಒಂದು ಪುಟ ಹೇಳಿದರೆ ಓದಿದವನ ಮಾತಿನ ಹಾಗೆ ಕೇಳುತ್ತದೆಂದು ಹಾಕಿದ್ದ. ಕುರುಡು ಏಟು ಗುರಿಗೇ ಬಿದ್ದಿರಬೇಕು; ಅಂಗಡಿಯಲ್ಲಿ ಒಬ್ಬರಾದ ಮೇಲೊಬ್ಬರು ಹೌದು ಹೌದು ಎಂದರು. ಅವರು ಹೌದೆಂದಷ್ಟೂ ಇವನಿಗೆ ತನ್ನ ಮೇಲೆಯೇ ಹೇಸಿಗೆ ಬರುತ್ತಿತ್ತು.

ಬಾಗಿಲು ತೆರೆಯಿತು. ಕೋರಾ ಬಂದಳು.

‘ಧ್ರುವ ದಳ’ವನ್ನು ಈಗ ಬರೆಯುತ್ತಿದ್ದವಳು ಅವಳೇ. ಒಂಬತ್ತು ವರ್ಷದವಳಿದ್ದಾಗ ಇದೇ ಅಂಗಡಿಯ ನೆಲದ ಮೇಲೆ ಕೂತು ಓದುತ್ತಿದ್ದಳು. ‘ಮೊದಲು ಚಿತ್ರ ನೋಡು, ಆಮೇಲೆ ಮಾತು ಓದು’ ಎಂದು ಹೇಳಿಕೊಟ್ಟವನು ಲೈಲ್. ಇವತ್ತು ಸಹಿ ಹಾಕಿಕೊಡಲು ಡೋರೀನ್ ಕರೆಸಿದ್ದಳು. ಹನ್ನೆರಡು ಮಂದಿ ತಂತಮ್ಮ ಪ್ರತಿ ಹಿಡಿದು ಸಾಲುಗಟ್ಟಿದರು.

“ಐದನೇ ಸಂಚಿಕೆಗೆ ನಿಲ್ಸ್ತಾರಂತೆ,” ಕೋರಾ ಕುರ್ಚಿ ಎಳೆದುಕೊಂಡು ಸುಮ್ಮನೆ ಹೇಳಿದಳು. “ಇನ್ಮುಂದೆ ಬರೀಬೇಕೋ ಬೇಡ್ವೋ ಅಂತ ನನಗೇ ಗೊತ್ತಾಗ್ತಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ನಾನು ಎಲ್ಲಿ ಎಡವ್ದೆ ಅಂತ ತಿಳ್ಕೊಂಡ್ರೆ ಸಾಕು. ಅದಕ್ಕೇ ಒಂದು ಕೆಲಸ ಮಾಡಿ. ನಿಮಗೆ ತೀರಾ ಬೇಜಾರಾದ ಪುಟ, ಇಲ್ಲಾ ತೀರಾ ಇಷ್ಟ ಆದ ಪುಟ ತೆಗೀರಿ. ಅಲ್ಲೇ ಸಹಿ ಹಾಕ್ತೀನಿ.” ಪುಟ್ಟದೊಂದು ನೋಟ್‌ಬುಕ್ ತೆಗೆದಿಟ್ಟಳು. “ಲೈಲ್, ಮೊದ್ಲು ನೀವು ಬನ್ನಿ. ಹದಿನಾಲ್ಕನೇದು, ಅಲ್ವಾ?”

ಲೈಲ್ ಮುಂದೆ ಬಂದ. ‘ಇದು ಇಟ್ಕೊಳ್ಳೋ ಪ್ರತಿ, ಓದಿದ್ದು ಮನೇಲಿದೆ’ ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಟೇಪು ಕಿತ್ತ. ಎಣಿಸುತ್ತ ಹದಿನಾಲ್ಕನೇ ಪುಟ ತೆಗೆದ.

ಹುಲ್ಲು ಕತ್ತರಿಸುವ ಯಂತ್ರದ ಬಿಡಿಭಾಗಗಳ ಪಟ್ಟಿ. ಮುಂದಿನ ಪುಟದಲ್ಲೂ ಅದೇ. ಹಿಂದಕ್ಕೆ ತಿರುಗಿಸಿದರೂ ಅದೇ. ರಕ್ಷಾಪುಟ ಮಾತ್ರ ‘ಧ್ರುವ ದಳ’ದ್ದು, ಒಳಗೆ ಯಾವುದೋ ಕಂಪನಿಯ ಕ್ಯಾಟಲಾಗನ್ನು ಪ್ರೆಸ್ಸಿನವರು ತಪ್ಪಿ ಸೇರಿಸಿ ಹೊಲಿದು ಕಳಿಸಿದ್ದರು.

ಕೋರಾ ಪುಟ ನೋಡಿದಳು, ಅವನ ಮುಖ ನೋಡಿದಳು. ಪೆನ್ನು ಕೈಯಲ್ಲೇ ಉಳಿಯಿತು.

“ಇದು... ಮೂರು ವಾರದಿಂದ ನಿಮ್ಮ ಹತ್ರ ಇದೆ ಅಲ್ವಾ?”

ಲೈಲ್ ಆ ಸುಳ್ಳನ್ನು ಹೇಳಲಿಲ್ಲ. “ನಾನು ಓದಿಲ್ಲ, ಕೋರಾ,” ಎಂದ. “ಒಂದು ಪುಟಾನೂ ಓದಿಲ್ಲ. ಓದದೇ ಬರ್ದೆ. ನಿನ್ನ ಕೆಲಸಾನ ನಾನೇ ಹಾಳು ಮಾಡ್ದೆ.”

ಈಗ ಟೆರೆನ್ಸ್ ಹೀಯಾಳಿಸುತ್ತಾನೆ, ಗಸ್ ಥೂ ಅನ್ನುತ್ತಾನೆ; ಅನ್ನಲಿ ಎಂದು ತಲೆ ತಗ್ಗಿಸಿ ಕಾದ. ಕೊನೆಗೆ ತಿರುಗಿ ನೋಡಿದ. ಟೆರೆನ್ಸ್ ತನ್ನ ಪ್ರತಿಯನ್ನು ಕೋಟಿನೊಳಗೆ ತುರುಕುತ್ತಿದ್ದ. ಗಸ್ ಸಾಲು ಬಿಟ್ಟು ಬಾಗಿಲ ತನಕ ಹೋಗಿದ್ದ.

ಡೋರೀನ್ ಗಲ್ಲಾದಿಂದ ಇಳಿದು ಬಂದು ಗಸ್‌ನ ಕೈಯಿಂದ ಪ್ರತಿಯನ್ನು ಕಿತ್ತುಕೊಂಡಳು. ಇನ್ನೂ ಅಂಟಿಯೇ ಇದ್ದ ಟೇಪು ಹರಿದು ಅವನು ಅತ್ತಿದ್ದ ಕೊನೆಯ ಪುಟ ತೆಗೆದಳು. ಅಲ್ಲಿ ಯಂತ್ರದ ಗ್ಯಾರಂಟಿ ಷರತ್ತುಗಳಿದ್ದವು. ಟೆರೆನ್ಸ್‌ನ ಕೋಟಿನಿಂದ ಎಳೆದ ಪ್ರತಿಯಲ್ಲೂ ಅವೇ.

“ನಲ್ವತ್ತು ಪ್ರತೀನೂ ಒಂದೇ ಡಬ್ಬದಲ್ಲಿ ಬಂದಿದ್ವು,” ಅವಳು ಕೋರಾಳ ಕಡೆ ನೋಡಲಾರದೆ ಹೇಳಿದಳು, “ನಲ್ವತ್ತೂ ಮಾರಿದೀನಿ, ಇವತ್ತಿನ ತನಕ ಒಬ್ಬರೂ ವಾಪಸ್ ತಂದಿಲ್ಲ.”